ಹಳೆಯ ಓದುಗರು, ಹೊಸ ಪ್ರೇಕ್ಷಕರು ಮತ್ತು ಬೆಳಕಿನ ಹಾದಿ

ಪ್ರಥಮ ವರ್ಷದ ಬಿ.ಎಸ್‌ಸಿ. ತರಗತಿಯಲ್ಲಿ ನಾವು ಬೆಳಕಿನ ವಕ್ರೀಭವನವನ್ನು ಕುರಿತು ಪಾಠಮಾಡುತ್ತಿದ್ದಾಗ ನಡೆದ ಒಂದು ಸಣ್ಣ ಪ್ರಸಂಗವೇ ಈ ಲೇಖನಕ್ಕೆ ಕಾರಣ. ಅಂದು ಫರ್ಮಾನ ಕನಿಷ್ಠ ಕಾಲದ ತತ್ತ್ವವನ್ನು ಹೇಳಿ ಮುಗಿಸಿ, ಈ ತತ್ತ್ವವನ್ನೇ ಆಧಾರವಾಗಿಟ್ಟುಕೊಂಡ ಕಥೆಯೊಂದು ಇಂಗ್ಲಿಷಿನಲ್ಲಿದೆಯೆಂದೂ, ಅದರ ಹೆಸರು 'ಸ್ಟೋರಿ ಆಫ್ ಯುವರ್ ಲೈಫ್' ಎಂದೂ, ಆಸಕ್ತಿಯುಳ್ಳವರು ಓದಬಹುದೆಂದೂ ತಿಳಿಸಿದೆವು. ಹಿಂದಿನ ಬೆಂಚಿನಲ್ಲಿದ್ದ ವಿದ್ಯಾರ್ಥಿಯೊಬ್ಬನು ಉತ್ಸಾಹದಿಂದ ಎದ್ದು ನಿಂತು, "ಸಾರ್, ಅದು 'ಅರೈವಲ್' ಚಿತ್ರದ ಕಥೆಯಲ್ಲವೆ? ನಾನು ಅದನ್ನು ಮೂರು ಸಲ ನೋಡಿದ್ದೇನೆ. ಅದರಲ್ಲಿ ಬೆಳಕಿನ ವಿಚಾರ ಎಲ್ಲಿಯೂ ಬರುವುದಿಲ್ಲವಲ್ಲ!" ಎಂದನು. "ಚಿತ್ರ ನೋಡಿದವರಿಗೆಲ್ಲ ಕಥೆ ತಿಳಿದಿದೆಯೆಂದು ಯಾರು ಹೇಳಿದರಪ್ಪಾ?" ಎಂದು ನಾವು ಕೇಳಿದೆವು. ತರಗತಿ ನಕ್ಕಿತು. ಅವನು ಕುಳಿತುಕೊಂಡನು. ಆಮೇಲೆ ಮೂರು ವಾರಗಳವರೆಗೆ ಅವನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಅವನು ಹೇಳಿದುದರಲ್ಲಿ ತಪ್ಪೇನೂ ಇರಲಿಲ್ಲ. ನಿಜವಾಗಿಯೂ ಆ ಚಿತ್ರದಲ್ಲಿ ಬೆಳಕಿನ ಪಾಠವಿಲ್ಲ. ಕಥೆಯನ್ನು ಓದದಿದ್ದರೂ, ಅಲ್ಲಿರಬೇಕಾದ ಒಂದು ಅಂಶ ಇಲ್ಲವೆಂಬುದನ್ನು ಅವನು ಒಂದೇ ಕ್ಷಣದಲ್ಲಿ ಗುರುತಿಸಿದ್ದನು. ಅಧ್ಯಾಪಕರಾದವರು ಮೆಚ್ಚಿಕೊಳ್ಳಬೇಕಾಗಿದ್ದ ಪ್ರಶ್ನೆ ಅದು. ಹಾಗಿದ್ದೂ ನಮ್ಮ ಬಾಯಿಂದ ಬಂದದ್ದು ಕುಹಕ. ಈ ಕುಹಕದ ಮೂಲವೇನೆಂಬುದನ್ನು ಪರೀಕ್ಷಿಸುವುದೂ, ಆ ಹುಡುಗನಿಗೆ ಅಂದು ಕೊಡದೆ ಹೋದ ಉತ್ತರವನ್ನು ಈಗ ಕೊಡುವುದೂ ನಮ್ಮ ಉದ್ದೇಶ.

ಮೊದಲು ಕಥೆಯ ಕಥೆಯನ್ನು ಹೇಳಬೇಕು. ಇದರ ಲೇಖಕರು ಅಮೆರಿಕದ ಟೆಡ್ ಚಿಯಾಂಗ್. ಬಹಳ ಕಡಮೆ ಬರೆದು ಬಹಳ ಹೆಸರು ಪಡೆದವರು ಇವರು. ಕಥೆ ಮೊದಲು ಅಚ್ಚಾದದ್ದು 1998ರಲ್ಲಿ, ಹಲವು ಲೇಖಕರ ಕಥೆಗಳಿದ್ದ ಒಂದು ಸಂಕಲನದಲ್ಲಿ. ವಿಜ್ಞಾನ ಕಥೆಗಳಿಗೆ ಕೊಡಮಾಡುವ ನೆಬ್ಯುಲಾ ಪ್ರಶಸ್ತಿ ಇದಕ್ಕೆ ದೊರೆಯಿತು. 2002ರಲ್ಲಿ ಚಿಯಾಂಗರ ಎಂಟು ಕಥೆಗಳು ಒಂದು ಪುಸ್ತಕವಾಗಿ ಬಂದಾಗ ಇದೂ ಅದರಲ್ಲಿ ಸೇರಿತು. ಅಲ್ಲಿಂದ ಮುಂದೆ ಹದಿನಾಲ್ಕು ವರ್ಷಗಳ ಕಾಲ ಈ ಪುಸ್ತಕ ಕೈಯಿಂದ ಕೈಗೆ ದಾಟುತ್ತಾ, ವಿಜ್ಞಾನ ಕಥೆಗಳ ರುಚಿ ಹತ್ತಿದ ಕೆಲವರ ನಡುವೆಯೇ ಹೆಚ್ಚಾಗಿ ಬಾಳಿತು. 2016ರಲ್ಲಿ ಡೆನಿ ವಿಲ್‌ನೂವ್ ಅವರ ನಿರ್ದೇಶನದಲ್ಲಿ 'ಅರೈವಲ್' ಎಂಬ ಚಲಚ್ಚಿತ್ರವಾಗಿ ಈ ಕಥೆ ತೆರೆಯ ಮೇಲೆ ಬಂದಿತು. ಎಂಟು ಆಸ್ಕರ್ ಪ್ರಶಸ್ತಿಗಳಿಗೆ ಅದರ ಹೆಸರು ಸೂಚಿತವಾಗಿ, ಶಬ್ದ ಸಂಕಲನಕ್ಕೆ ಒಂದು ದೊರೆಯಿತು. ಪುಸ್ತಕದಂಗಡಿಗಳಲ್ಲಿ ಅದೇ ಎಂಟು ಕಥೆಗಳ ಸಂಗ್ರಹ ಚಿತ್ರದ ಹೆಸರನ್ನೇ ಹೊತ್ತು ಹೊಸ ಮುಖಪುಟದೊಡನೆ ಕುಳಿತುಕೊಂಡಿತು.

ನಾವು ಈ ಕಥೆಯನ್ನು ಓದಿದುದು ಎಂ.ಎಸ್‌ಸಿ. ವಿದ್ಯಾರ್ಥಿಗಳಾಗಿದ್ದಾಗ, ಚಿತ್ರ ಬರುವುದಕ್ಕೆ ಎಷ್ಟೋ ಮುಂಚೆ. ಊರ ಹೊರಗೆ ಒಂದು ಸಿಹಿನೀರಿನ ಬಾವಿಯಿದೆಯೆನ್ನೋಣ. ನಾಲ್ಕಾರು ಮಂದಿಗೆ ಮಾತ್ರ ಅದರ ದಾರಿ ಗೊತ್ತು. ಒಂದು ದಿನ ಅಲ್ಲಿಗೆ ಡಾಂಬರು ರಸ್ತೆಯಾಗಿ, ಬಸ್ಸು ನಿಲ್ಲತೊಡಗುತ್ತದೆ. ಬಾವಿಯ ನೀರು ಒಂದು ಕೊಡದಷ್ಟೂ ಕಡಮೆಯಾಗಿರುವುದಿಲ್ಲ. ಆದರೂ ಆ ನಾಲ್ಕಾರು ಮಂದಿಗೆ ಏನೋ ಕಳೆದುಕೊಂಡಂತೆ ತೋರುತ್ತದೆ. ಹಳೆಯ ಓದುಗರ ಮನಸ್ಸಿನ ಸ್ಥಿತಿ ಇದೇ. ಅದರಲ್ಲಿ 'ನಾವು ಮೊದಲೇ ಕಂಡಿದ್ದೆವು' ಎಂಬ ಹೆಮ್ಮೆಯಿದೆ. 'ಇವರು ಎರಡು ಗಂಟೆಯಲ್ಲಿ ನೋಡಿ ಮುಗಿಸಿದವರು, ನಾವು ರಾತ್ರಿಯೆಲ್ಲ ಕುಳಿತು ಓದಿದವರು' ಎಂಬ ತಾರತಮ್ಯವಿದೆ. ಪುಸ್ತಕದ ಹೆಸರನ್ನೇ ಅರಿಯದೆ ಚಿತ್ರದ ಹೆಸರಿನಿಂದ ಅದನ್ನು ಕೇಳುವವರನ್ನು ಕಂಡರೆ ಸಿಡಿಮಿಡಿಯಿದೆ. ಇದು ವಿಜ್ಞಾನ ಕಥೆಗಳ ಓದುಗರಿಗೆ ಮಾತ್ರ ಬಂದ ರೋಗವೆಂದು ತಿಳಿಯಬೇಕಾಗಿಲ್ಲ. ತ್ರಿವೇಣಿಯವರು 1963ರಲ್ಲಿ ತೀರಿಕೊಂಡರು. ಅವರ 'ಬೆಳ್ಳಿ ಮೋಡ' 1967ರಲ್ಲಿ ಚಿತ್ರವಾಯಿತು. ಕಾದಂಬರಿಯನ್ನು ಮೊದಲೇ ಓದಿದ್ದ ನಮ್ಮ ಹಿರಿಯರು ಮನೆಯಲ್ಲಿ ಆ ಚಿತ್ರದ ಮಾತು ಬಂದಾಗಲೆಲ್ಲ "ಪುಸ್ತಕ ಓದಿದ್ದೀಯಾ?" ಎಂದು ಕೇಳುತ್ತಿದ್ದ ಧಾಟಿ ನಮಗೆ ಇನ್ನೂ ನೆನಪಿದೆ. ತರಗತಿಯಲ್ಲಿ ಅಂದು ನಮ್ಮ ಬಾಯಿಂದ ಹೊರಟದ್ದು ಅದೇ ಧಾಟಿ.

ಈ ಭಾವನೆಗಳಲ್ಲಿ ಹೆಚ್ಚಿನವು ಸಣ್ಣತನವೆಂದು ಒಪ್ಪಿಕೊಳ್ಳಲು ಅಡ್ಡಿಯಿಲ್ಲ. ಆದರೆ ಒಂದು ಮಾತ್ರ ಸಣ್ಣತನವಲ್ಲ. ಹಳೆಯ ಓದುಗನಿಗೆ ಪುಸ್ತಕದಲ್ಲಿ ಅತ್ಯಂತ ಪ್ರಿಯವಾದ ಪುಟವೇ ತೆರೆಯ ಮೇಲೆ ಬಾರದೆ ಹೋಗಿ, ಹೊಸಬರು ಆ ಪುಟ ಇದ್ದುದನ್ನೇ ಅರಿಯದೆ ಕಥೆಯನ್ನು ಕೊಂಡಾಡುತ್ತಿದ್ದರೆ ಅವನಿಗೆ ನೋವಾಗುವುದು ಸಹಜ. 'ಅರೈವಲ್' ಚಿತ್ರದ ವಿಷಯದಲ್ಲಿ ಹಾಗೆ ಬಿಟ್ಟುಹೋದ ಪುಟ ಭೌತಶಾಸ್ತ್ರದ್ದು. ಅದು ಯಾವುದೆಂದು ನೋಡೋಣ.

ಕಥೆಯಲ್ಲಿ ಅನ್ಯಲೋಕದ ಜೀವಿಗಳು ಭೂಮಿಗೆ ಬರುತ್ತವೆ. ಅವಕ್ಕೆ ಏಳು ಕಾಲುಗಳು. ಇಂಗ್ಲಿಷಿನಲ್ಲಿ ಅವಕ್ಕೆ ಹೆಪ್ಟಪಾಡ್ ಎಂದು ಹೆಸರು. ಕನ್ನಡದಲ್ಲಿ ಸಪ್ತಪದಿಗಳೆನ್ನೋಣವೆಂದರೆ ಮದುವೆಯ ಮಂಟಪ ಕಣ್ಣಮುಂದೆ ಬರುತ್ತದೆ. ಆದುದರಿಂದ ಸಪ್ತಪಾದಿಗಳೆಂದು ಕರೆಯುವುದು ಕ್ಷೇಮ. ಅವುಗಳ ಭಾಷೆಯನ್ನು ಕಲಿಯಲು ಲೂಯಿಸ್ ಬ್ಯಾಂಕ್ಸ್ ಎಂಬ ಭಾಷಾಶಾಸ್ತ್ರಜ್ಞೆಯೂ, ಅವುಗಳ ವಿಜ್ಞಾನವನ್ನು ತಿಳಿಯಲು ಒಬ್ಬ ಭೌತವಿಜ್ಞಾನಿಯೂ ನೇಮಕವಾಗುತ್ತಾರೆ. ಭಾಷೆಯ ಕೆಲಸ ಮೆಲ್ಲಮೆಲ್ಲನೆ ಸಾಗುತ್ತದೆ. ಭೌತಶಾಸ್ತ್ರದ ಕೆಲಸ ಮಾತ್ರ ನಿಂತಲ್ಲೇ ನಿಲ್ಲುತ್ತದೆ. ವೇಗ, ವೇಗೋತ್ಕರ್ಷ ಮುಂತಾದ ಸರಳ ಸಂಗತಿಗಳನ್ನು ತೋರಿಸಿದರೆ ಸಪ್ತಪಾದಿಗಳಿಗೆ ಅರ್ಥವೇ ಆಗುವುದಿಲ್ಲ. ಕೊನೆಗೆ ಅವು ತಟ್ಟನೆ ಅರಿತುಕೊಂಡದ್ದು ಫರ್ಮಾನ ತತ್ತ್ವವನ್ನು. ನಮಗೆ ಬಹಳ ಮುಂದಿನ ಪಾಠವಾದದ್ದು ಅವಕ್ಕೆ ಮೊದಲನೆಯ ಪಾಠ. ನಮ್ಮ ಮೊದಲನೆಯ ಪಾಠ ಅವಕ್ಕೆ ಗಹನ. ಕಥೆಯ ನಡುವೆ, ಗಾಳಿಯಿಂದ ನೀರಿಗಿಳಿದು ಬಾಗುವ ಬೆಳಕಿನ ಕಿರಣದ ರೇಖಾಚಿತ್ರವೂ ಇದೆ, ನಮ್ಮ ಪಠ್ಯಪುಸ್ತಕದಲ್ಲಿರುವಂತೆಯೇ. ಕಥೆಯ ಪುಸ್ತಕದಲ್ಲಿ ಅಂಥ ಚಿತ್ರವನ್ನು ಕಂಡು ನಾವು ಪಟ್ಟ ಸಂತೋಷವನ್ನು ಹೇಳಲಾರೆವು.

ತತ್ತ್ವವನ್ನು ಅಂಕಿಗಳಿಂದಲೇ ತಿಳಿಯುವುದು ಒಳ್ಳೆಯದು. ನೇರವಾದ ದಂಡೆಯುಳ್ಳ ಒಂದು ಕೆರೆ. ದಂಡೆಯಿಂದ 30 ಮೀಟರು ಈಚೆಗೆ ಬಯಲಿನಲ್ಲಿ ಒಬ್ಬನು ನಿಂತಿದ್ದಾನೆ. ದಂಡೆಯಿಂದ 30 ಮೀಟರು ಆಚೆಗೆ ನೀರಿನಲ್ಲಿ ಒಬ್ಬ ಹುಡುಗ ಮುಳುಗುತ್ತಿದ್ದಾನೆ. ದಂಡೆಯ ಉದ್ದಕ್ಕೆ ಅಳೆದರೆ ಇಬ್ಬರ ನಡುವೆ 60 ಮೀಟರು ಅಂತರ. ಓಡುವವನ ವೇಗ ಸೆಕೆಂಡಿಗೆ 5 ಮೀಟರು. ಅವನೇ ಈಜಿದರೆ ಸೆಕೆಂಡಿಗೆ 1 ಮೀಟರು. ಅವನು ಯಾವ ದಾರಿಯಲ್ಲಿ ಹೋಗಬೇಕು?

ಗಾಬರಿಯಲ್ಲಿ ನೇರವಾಗಿ ಹುಡುಗನತ್ತ ಓಡಿದರೆ ದೂರವೇನೋ ಎಲ್ಲಕ್ಕಿಂತ ಕಡಮೆ. ಆದರೆ ನೀರಿನಲ್ಲಿ 42 ಮೀಟರಿಗಿಂತ ಹೆಚ್ಚು ಈಜಬೇಕಾಗುತ್ತದೆ; ಒಟ್ಟು ಕಾಲ ಸುಮಾರು 50.9 ಸೆಕೆಂಡು. ದಂಡೆಯ ಮೇಲೆ ಹುಡುಗನಿಗೆ ಅತ್ಯಂತ ಸಮೀಪವಾದ ಬಿಂದುವಿನವರೆಗೂ ಓಡಿ, ಅಲ್ಲಿಂದ ಈಜಿದರೆ 43.4 ಸೆಕೆಂಡು. ಆ ಬಿಂದುವಿಗೆ ಸುಮಾರು 5.3 ಮೀಟರು ಮೊದಲೇ ನೀರಿಗಿಳಿದರೆ 42.9 ಸೆಕೆಂಡು. ಇದಕ್ಕಿಂತ ಬೇಗ ತಲಪುವ ದಾರಿ ಇಲ್ಲ. ಈ ದಾರಿ ದಂಡೆಯ ಬಳಿ ಬಾಗಿದೆ. ದಂಡೆಗೆ ಎಳೆದ ಲಂಬದೊಡನೆ ಅದು ಎರಡು ಕಡೆಗಳಲ್ಲಿ ಮಾಡುವ ಕೋನಗಳ ಸೈನ್‌ಗಳನ್ನು ತೆಗೆದುಕೊಂಡರೆ ಅವುಗಳ ಪ್ರಮಾಣ 5ಕ್ಕೆ 1, ಎಂದರೆ ಎರಡು ವೇಗಗಳ ಪ್ರಮಾಣವೇ ಆಗಿರುತ್ತದೆ. ಪಠ್ಯಪುಸ್ತಕದಲ್ಲಿ ಸ್ನೆಲ್ಲನ ನಿಯಮವೆಂದು ನಾವು ಕಂಠಪಾಠ ಮಾಡುವುದು ಇದನ್ನೇ. ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರು ಹೋಗುವ ಬೆಳಕು ನೀರಿನಲ್ಲಿ ಸುಮಾರು 2.25 ಲಕ್ಷ ಕಿಲೋಮೀಟರು ಮಾತ್ರ ಹೋಗುತ್ತದೆ. ಆದುದರಿಂದ ಅದೂ ನೀರಿನ ಮೇಲ್ಮೈಯಲ್ಲಿ ಬಾಗುತ್ತದೆ. ತಟ್ಟೆಯ ಅಂಚಿನ ಮರೆಯಲ್ಲಿದ್ದ ನಾಣ್ಯ ನೀರು ಹೊಯ್ದೊಡನೆ ಮೇಲೆದ್ದಂತೆ ಕಾಣುವುದು ಇದರಿಂದಲೇ.

ಫ್ರೆಂಚ್ ಗಣಿತಜ್ಞನಾದ ಪಿಯರ್ ದ ಫರ್ಮಾ 1662ರಲ್ಲಿ ಈ ತತ್ತ್ವವನ್ನು ಹೇಳಿದನು. ಒಂದು ಬಿಂದುವಿನಿಂದ ಇನ್ನೊಂದಕ್ಕೆ ಹೋಗುವ ಬೆಳಕು ಕನಿಷ್ಠ ಕಾಲ ಹಿಡಿಯುವ ದಾರಿಯಲ್ಲಿ ಹೋಗುತ್ತದೆ. ಕೇಳಿದೊಡನೆಯೇ ಒಂದು ಆಕ್ಷೇಪಣೆ ಎದ್ದಿತು. ದೆಕಾರ್ತನ ಅನುಯಾಯಿಯಾದ ಕ್ಲೆರ್‌ಸಲಿಯೇ ಎಂಬವನು ಅದೇ ವರ್ಷ ಫರ್ಮಾನಿಗೆ ಪತ್ರ ಬರೆದು, ಈ ತತ್ತ್ವ ನೀತಿಶಾಸ್ತ್ರಕ್ಕೆ ಸೇರಿದುದೇ ಹೊರತು ಭೌತಶಾಸ್ತ್ರಕ್ಕಲ್ಲ, ಪ್ರಕೃತಿ ಮುಂದಾಲೋಚನೆಯಿಂದ ಕೆಲಸಮಾಡುವುದಿಲ್ಲ ಎಂದು ವಾದಿಸಿದನು. ಆಕ್ಷೇಪಣೆ ಹಗುರವಾದುದಲ್ಲ. ಕೆರೆಯ ದಂಡೆಯವನಿಗೆ ಹುಡುಗ ಎಲ್ಲಿದ್ದಾನೆಂಬುದು ಗೊತ್ತು. ಆದುದರಿಂದ ದಾರಿಯನ್ನು ಲೆಕ್ಕಹಾಕಬಹುದು. ಬೆಳಕಿಗೆ ತಾನು ಕೊನೆಗೆ ಎಲ್ಲಿ ಮುಟ್ಟಬೇಕೆಂಬುದು ಹೊರಡುವಾಗಲೇ ತಿಳಿದಿರುವುದೆ? ವಾದ ಹೇಗೇ ಇರಲಿ, ಅಳತೆ ಫರ್ಮಾನ ಪಕ್ಷಕ್ಕೆ ಬಂದಿತು. ಬೆಳಕು ಸಾಂದ್ರವಾದ ಮಾಧ್ಯಮದಲ್ಲಿ ಹೆಚ್ಚು ಸಲೀಸಾಗಿ ಸಾಗುತ್ತದೆಂಬುದು ದೆಕಾರ್ತನ ಮತ. ನಿಧಾನವಾಗುತ್ತದೆಂಬುದು ಫರ್ಮಾನ ಮತ. 1850ರಲ್ಲಿ ಫೂಕೋ ತಿರುಗುವ ಕನ್ನಡಿಯ ಸಹಾಯದಿಂದ ಬೆಳಕು ನೀರಿನಲ್ಲಿ ನಿಧಾನವಾಗುವುದನ್ನು ತೋರಿಸಿಕೊಟ್ಟನು. ಫರ್ಮಾ ಸತ್ತು ಆಗಲೇ 185 ವರ್ಷಗಳಾಗಿದ್ದವು.

ಚಿಯಾಂಗರ ಕಥೆ ಹುಟ್ಟುವುದು ಕ್ಲೆರ್‌ಸಲಿಯೇ ಎತ್ತಿದ ಆ ಪ್ರಶ್ನೆಯಿಂದ. ನಾವು ಜಗತ್ತನ್ನು ಕಾರಣದಿಂದ ಕಾರ್ಯಕ್ಕೆ, ಒಂದಾದಮೇಲೊಂದು ಹೆಜ್ಜೆಯಾಗಿ ನೋಡುತ್ತೇವೆ. ಸಪ್ತಪಾದಿಗಳು ಮೊದಲನ್ನೂ ಕೊನೆಯನ್ನೂ ಒಟ್ಟಿಗೇ ನೋಡುತ್ತವೆ. ಅವುಗಳ ಲಿಪಿಯನ್ನು ಕಲಿಯುತ್ತ ಕಲಿಯುತ್ತ ಲೂಯಿಸಳಿಗೂ ಆ ದೃಷ್ಟಿ ಬರುತ್ತದೆ. ತನಗೆ ಮುಂದೆ ಹುಟ್ಟಲಿರುವ ಮಗಳ ಇಡೀ ಬಾಳು, ಅದರ ಕೊನೆಯ ಸಮೇತ, ಅವಳಿಗೆ ಕಾಣುತ್ತದೆ. ಮಗಳು ಇಪ್ಪತ್ತೈದನೆಯ ವಯಸ್ಸಿನಲ್ಲಿ ಬೆಟ್ಟ ಹತ್ತುವಾಗ ಬಿದ್ದು ಸಾಯುತ್ತಾಳೆ. ಚಲಚ್ಚಿತ್ರದಲ್ಲಿ ಇದನ್ನು ಬದಲಾಯಿಸಿದ್ದಾರೆ. ಅಲ್ಲಿ ಮಗಳು ಗುಣವಾಗದ ಕಾಯಿಲೆಯಿಂದ ಇನ್ನೂ ಎಳೆಯ ವಯಸ್ಸಿನಲ್ಲಿ ಸಾಯುತ್ತಾಳೆ. ಹಳೆಯ ಓದುಗರ ದೂರುಗಳಲ್ಲಿ ನಮಗೆ ಅತ್ಯಂತ ನ್ಯಾಯವೆಂದು ತೋರುವುದು ಇದು. ಗುಣವಾಗದ ಕಾಯಿಲೆಯನ್ನು ಮೊದಲೇ ತಿಳಿದರೂ ತಾಯಿ ತಡೆಯಲಾರಳು. ಬೆಟ್ಟದಿಂದ ಬೀಳುವುದನ್ನು ತಡೆಯಲು "ಇವತ್ತು ಹೋಗಬೇಡ ಮಗಳೇ" ಎಂಬ ಒಂದು ಮಾತು ಸಾಕು. ಅಷ್ಟು ಸಾಕೆಂದು ಗೊತ್ತಿದ್ದರೂ ತಾಯಿ ಆ ಮಾತನ್ನು ಏಕೆ ಆಡುವುದಿಲ್ಲ? ಕೊನೆಯ ಬಿಂದು ನಿಶ್ಚಯವಾದಮೇಲೆ ಬೆಳಕಿನ ಕಿರಣ ಬೇರೆ ದಾರಿ ಹಿಡಿಯದಂತೆ, ಕೊನೆಯನ್ನು ಅರಿತವಳಿಗೆ ಬೇರೆ ದಾರಿ ಹಿಡಿಯುವ ಮಾತೇ ಉಳಿಯುವುದಿಲ್ಲವೆ? ಇದೇ ಕಥೆಯ ತಿರುಳು. ಫರ್ಮಾನ ಪಾಠವನ್ನು ತೆಗೆದುಬಿಟ್ಟರೆ ಈ ಪ್ರಶ್ನೆಯ ಹರಿತ ಹೋಗುತ್ತದೆ. ಚಿತ್ರದ ಲೂಯಿಸಳಂತೂ ಮುಂದೆ ತಾನು ಕೇಳಲಿರುವ ಮಾತನ್ನು ಈಗಲೇ ದೂರವಾಣಿಯಲ್ಲಿ ಬಳಸಿ ಯುದ್ಧವನ್ನೇ ನಿಲ್ಲಿಸುತ್ತಾಳೆ. ನೋಡಲು ರೋಮಾಂಚಕವಾಗಿದೆ. ಆದರೆ ಅದು ಬೇರೆ ಕಥೆ.

ಹಾಗೆಂದು ಚಿತ್ರ ಕಳೆದದ್ದನ್ನು ಮಾತ್ರ ಹೇಳಿ ಕೂಡಿಸಿದ್ದನ್ನು ಹೇಳದಿರುವುದು ನ್ಯಾಯವಲ್ಲ. ಚಿತ್ರದಲ್ಲಿ ಸಪ್ತಪಾದಿಗಳ ಬರಹ ಮಸಿಯ ಹೊಗೆಯಂತೆ ಹರಡಿ ವೃತ್ತವಾಗಿ ಕೂಡಿಕೊಳ್ಳುತ್ತದೆ. ಈ ವೃತ್ತ ಚಿತ್ರ ತಯಾರಿಸಿದವರ ಕಲ್ಪನೆ. ಮೊದಲು ಕೊನೆಗಳಿಲ್ಲದ ಭಾಷೆಯೆಂಬುದನ್ನು ತೋರಿಸಲು ಇದಕ್ಕಿಂತ ಚೆನ್ನಾದ ಆಕಾರ ನಮಗಂತೂ ಹೊಳೆಯದು. ಓದುವಾಗ ಆ ಬರಹವನ್ನು ನಾವು ಬೇರೆ ರೀತಿಯಲ್ಲಿ ಕಲ್ಪಿಸಿಕೊಂಡಿದ್ದೆವು. ಚಿತ್ರ ನೋಡಿದಮೇಲೆ ಎಷ್ಟು ಪ್ರಯತ್ನಿಸಿದರೂ ನಮ್ಮ ಆ ಹಳೆಯ ಚಿತ್ರ ನೆನಪಿಗೆ ಬರಲೊಲ್ಲದು. ಇದು ಲಾಭವೊ ನಷ್ಟವೊ ಹೇಳುವುದು ಕಷ್ಟ. ಮೂಲ ಲೇಖಕರಿಗೆ ಚಿತ್ರ ಮೆಚ್ಚುಗೆಯಾಯಿತು. ಅವರು ಅದನ್ನು ಬಹಿರಂಗವಾಗಿಯೇ ಹೇಳಿದ್ದಾರೆ. ಲೇಖಕರಿಗಿಲ್ಲದ ಕೋಪ ಓದುಗರಿಗೇಕೆಂದು ಯಾರಾದರೂ ಕೇಳಿದರೆ ನಮ್ಮಲ್ಲಿ ಉತ್ತರವಿಲ್ಲ.

ಪುಸ್ತಕ ಶುದ್ಧ, ಚಿತ್ರ ಬೆರಕೆ ಎಂಬ ವಾದವೂ ಎಲ್ಲೆಡೆ ನಿಲ್ಲುವುದಿಲ್ಲ. ಆಂಡಿ ವಿಯರ್ ಅವರ 'ದಿ ಮಾರ್ಷಿಯನ್' 2015ರಲ್ಲಿ ಚಿತ್ರವಾಯಿತು. ಅದರ ಆರಂಭದಲ್ಲಿ ಮಂಗಳ ಗ್ರಹದ ಬಿರುಗಾಳಿ ಗಗನಯಾತ್ರಿಕರನ್ನು ಓಡಿಸುತ್ತದೆ. ಮಂಗಳದ ವಾಯುವಿನ ಸಾಂದ್ರತೆ ನಮ್ಮದರ ಸುಮಾರು ಅರುವತ್ತರಲ್ಲಿ ಒಂದು ಭಾಗ. ಗಾಳಿಯ ಒತ್ತು ಸಾಂದ್ರತೆಗೂ ವೇಗದ ವರ್ಗಕ್ಕೂ ಅನುಗುಣವಾಗಿರುವುದರಿಂದ, ಅಲ್ಲಿ ಗಂಟೆಗೆ 160 ಕಿಲೋಮೀಟರು ವೇಗದ ಗಾಳಿ ಇಲ್ಲಿಯ 20 ಕಿಲೋಮೀಟರಿನ ಗಾಳಿಯಷ್ಟೇ ತಳ್ಳೀತು. ಅದರಿಂದ ಛತ್ರಿ ಕೊಂಚ ಅಲುಗಾಡಬಹುದು. ಈ ತಪ್ಪು ಚಿತ್ರದಲ್ಲಿಯೂ ಇದೆ, ಪುಸ್ತಕದಲ್ಲಿಯೂ ಇದೆ. ಕಥೆಗೆ ಬೇಕಾಗಿತ್ತೆಂದು ಲೇಖಕರೇ ಒಪ್ಪಿಕೊಂಡಿದ್ದಾರೆ. ಇನ್ನು ಹಳಬ ಹೊಸಬ ಎಂಬ ಗೆರೆಯಾದರೂ ಎಲ್ಲಿ ನಿಂತಿರುತ್ತದೆ? ಫ್ರಾಂಕ್ ಹರ್ಬರ್ಟನ 'ಡ್ಯೂನ್' ಕಾದಂಬರಿ 1965ರಲ್ಲಿ ಬಂದಿತು. 1984ರಲ್ಲಿ ಒಮ್ಮೆ ಚಿತ್ರವಾಯಿತು. 2021ರಲ್ಲಿ ಮತ್ತೊಮ್ಮೆ, ಈಗ ಹೇಳುತ್ತಿರುವ ವಿಲ್‌ನೂವ್ ಅವರಿಂದಲೇ. 1984ರ ಚಿತ್ರವನ್ನು ನೋಡಿ ಪುಸ್ತಕಕ್ಕೆ ಬಂದವರು 2021ರ ಹೊತ್ತಿಗೆ ಹಳಬರ ಸಾಲಿನಲ್ಲಿ ಕುಳಿತಿದ್ದರು.

ನಮ್ಮ ಹೆಮ್ಮೆಯನ್ನು ಹೆಚ್ಚಾಗಿ ಅಲುಗಿಸಿದ ಸಂಗತಿ ಬೇರೊಂದು. ಚಿಯಾಂಗರ ಸಂಗ್ರಹದ ಕೊನೆಯಲ್ಲಿ ಪ್ರತಿಯೊಂದು ಕಥೆ ಹುಟ್ಟಿದ ಬಗೆಯನ್ನು ಕುರಿತು ಟಿಪ್ಪಣಿಗಳಿವೆ. ಫರ್ಮಾನ ತತ್ತ್ವದಂಥ ಭೌತಶಾಸ್ತ್ರದ ತತ್ತ್ವಗಳಲ್ಲಿ ತಮಗಿದ್ದ ಆಸಕ್ತಿಯಿಂದ ಈ ಕಥೆ ಬೆಳೆಯಿತೆಂದು ಅವರು ಅಲ್ಲಿ ಹೇಳಿದ್ದಾರೆ. ಆ ತತ್ತ್ವಗಳನ್ನು ಕಥೆಯಾಗಿಸುವ ದಾರಿ ಹೊಳೆದದ್ದು ಪಾಲ್ ಲಿಂಕ್ ಎಂಬ ನಟನ ಏಕವ್ಯಕ್ತಿ ಪ್ರದರ್ಶನವನ್ನು ನೋಡಿದಾಗ. ಕ್ಯಾನ್ಸರಿನಿಂದ ತೀರಿಕೊಂಡ ತನ್ನ ಹೆಂಡತಿಯನ್ನು ಕುರಿತು ಆ ನಟನು ಅಭಿನಯಿಸಿ ತೋರಿಸಿದ ಪ್ರದರ್ಶನ ಅದು. ನೋಡಿ ಬಂದವರನ್ನು ಓದಿ ಬಂದವರು ಹೀಯಾಳಿಸಲು ಆಧಾರವಾಗಿಟ್ಟುಕೊಂಡಿದ್ದ ಕಥೆಯೇ, ಅದರ ಲೇಖಕರು ಪ್ರೇಕ್ಷಕರಾಗಿ ಕುಳಿತು ನೋಡಿದ್ದರಿಂದ ಹುಟ್ಟಿತ್ತು! ಈ ಟಿಪ್ಪಣಿಯನ್ನು ನಾವು ಮೊದಲ ಓದಿನಲ್ಲಿಯೇ ಓದಿದ್ದೆವು. ತರಗತಿಯಲ್ಲಿ ಬಾಯಿ ತೆರೆಯುವಾಗ ನೆನಪಾಗಲಿಲ್ಲ, ಅಷ್ಟೆ.

ಇನ್ನೊಂದು ನೆನಪೂ ಆಗಬೇಕಾಗಿತ್ತು. ಫರ್ಮಾನ ತತ್ತ್ವ ನಮಗೆ ಬಿ.ಎಸ್‌ಸಿ.ಯಲ್ಲಿ ಐದು ಅಂಕಗಳ ಪ್ರಶ್ನೆಯಾಗಿ ಪರಿಚಯವಾಗಿತ್ತು, ಬರೆದೆವು, ಮರೆತೆವು. ಅದು ಜೀವಂತವಾಗಿ ಕಂಡದ್ದು ಈ ಕಥೆಯಲ್ಲಿ. ಆ ದಿನಗಳಲ್ಲಿ ನಾವು ದೃಗ್ವಿಜ್ಞಾನವನ್ನು ಕಲಿಸುತ್ತಿದ್ದ ನಮ್ಮ ಪ್ರಾಧ್ಯಾಪಕರ ಬಳಿಗೆ ಓಡಿಹೋಗಿ, "ಸಾರ್, ಬೆಳಕಿಗೆ ಮುಂದಿನದು ಗೊತ್ತಿರುತ್ತದಂತೆ!" ಎಂದು ಉಬ್ಬಿನಿಂದ ಹೇಳಿದೆವು. ಮೂವತ್ತು ವರ್ಷ ಆ ತತ್ತ್ವವನ್ನು ಕಲಿಸಿದ್ದ ಆ ಹಿರಿಯರ ಎದುರಿಗೆ, ಒಂದು ಕಥೆಯ ಬೆನ್ನು ಹತ್ತಿ ನಿನ್ನೆ ಬಂದ ಹೊಸಬರು ನಾವು. "ಕಥೆ ಓದಿದವರಿಗೆಲ್ಲ ಭೌತಶಾಸ್ತ್ರ ತಿಳಿದಿದೆಯೆಂದು ಯಾರು ಹೇಳಿದರು?" ಎಂದು ಅವರು ಕೇಳಬಹುದಾಗಿತ್ತು. ಕೇಳಲಿಲ್ಲ. ಒಂದು ಹಾಳೆ ತೆಗೆದುಕೊಂಡು, "ಕೂತುಕೋ, ಯಾರಿಗೆ ಗೊತ್ತಿರುತ್ತದೆ ನೋಡೋಣ" ಎಂದರು.

ಅವರು ವಿವರಿಸಿದುದರ ಸಾರಾಂಶ ಇದು. ಬೆಳಕು ಅಲೆ. 1690ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಹೈಗೆನ್ಸನು ಅಲೆಯ ಮುಖದ ಪ್ರತಿಯೊಂದು ಬಿಂದುವೂ ಹೊಸ ಅಲೆಗಳನ್ನು ಎಬ್ಬಿಸುತ್ತದೆಂದು ಹೇಳಿ, ಬೆಳಕು ಬಾಗುವುದನ್ನು ವಿವರಿಸಿದನು. 1948ರಲ್ಲಿ ಫೈನ್‌ಮನ್ ಈ ವಿಚಾರವನ್ನು ಇನ್ನೂ ಮುಂದಕ್ಕೆ ಒಯ್ದನು. ಒಂದು ಕಣ ಎಲ್ಲಿಂದ ಎಲ್ಲಿಗೆ ಹೋಗುವುದಾದರೂ, ಇರಬಹುದಾದ ಎಲ್ಲ ದಾರಿಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡು ಕೂಡಿಸಬೇಕು. ಕೂಡಿಸುವಾಗ ಆಗುವುದೇನು? ಕೆರೆಯ ಲೆಕ್ಕವನ್ನೇ ನೋಡಿರಿ. ಅತ್ಯುತ್ತಮ ಬಿಂದುವಿನಿಂದ ಐದು ಮೀಟರು ಅತ್ತ ಇತ್ತ ಸರಿದು ನೀರಿಗಿಳಿದರೂ ಕಾಲದಲ್ಲಿ ಅರ್ಧ ಸೆಕೆಂಡಿನಷ್ಟೂ ವ್ಯತ್ಯಾಸವಾಗದು. ನೇರದಾರಿಯ ಹತ್ತಿರ ಅಷ್ಟೇ ಸರಿದರೆ ಎರಡು ಸೆಕೆಂಡಿಗಿಂತ ಹೆಚ್ಚು ವ್ಯತ್ಯಾಸವಾಗುತ್ತದೆ. ಎಂದರೆ ಕನಿಷ್ಠದ ಸುತ್ತಮುತ್ತಲಿನ ದಾರಿಗಳೆಲ್ಲ ಹೆಚ್ಚುಕಡಮೆ ಒಂದೇ ಕಾಲ ಹಿಡಿಯುತ್ತವೆ. ಬೆಳಕಿನ ಅಲೆ ಸೆಕೆಂಡಿಗೆ ಸುಮಾರು 5 ಕೋಟಿ ಕೋಟಿ ಬಾರಿ ಏರಿಳಿಯುತ್ತದೆ. ಒಂದೇ ಕಾಲ ಹಿಡಿಯುವ ದಾರಿಗಳಿಂದ ಬಂದ ಅಲೆಗಳಲ್ಲಿ ಉಬ್ಬಿಗೆ ಉಬ್ಬು ಕೂಡಿ ಬೆಳಕು ಪ್ರಬಲವಾಗುತ್ತದೆ. ಬೇರೆ ಕಡೆ ಪಕ್ಕಪಕ್ಕದ ದಾರಿಗಳ ಕಾಲಗಳೇ ಬೇರೆಬೇರೆಯಾಗಿ, ಉಬ್ಬಿನ ಮೇಲೆ ತಗ್ಗು ಬಿದ್ದು ಒಂದನ್ನೊಂದು ಅಳಿಸುತ್ತವೆ. ಕೊನೆಗೆ ಉಳಿದು ಕಾಣುವುದು ಫರ್ಮಾನ ದಾರಿ. ಬೆಳಕಿಗೆ ಮುಂದಿನದು ಗೊತ್ತಿರಬೇಕಾಗಿಲ್ಲ. ಅದು ಎಲ್ಲ ಕಡೆಗೂ ಹೋಗಿರುತ್ತದೆ. ಚಿಯಾಂಗರ ಕಥೆಯೂ ಎರಡು ವಿವರಣೆಗಳನ್ನೂ ಸಮವೆಂದೇ ಹೇಳುತ್ತದೆ. ಅದರಲ್ಲಿ ನಮಗೆ ರಮ್ಯವಾಗಿ ತೋರಿದ ಅರ್ಧವನ್ನು ಮಾತ್ರ ನಾವು ಹೊತ್ತುಕೊಂಡು ಬಂದಿದ್ದೆವು. ಚಿತ್ರ ನೋಡಿದವನು ಕಥೆಯಿಂದ ಎಷ್ಟು ದೂರದಲ್ಲಿದ್ದನೋ, ಕಥೆ ಓದಿದ ನಾವು ಭೌತಶಾಸ್ತ್ರದಿಂದ ಅಷ್ಟೇ ದೂರದಲ್ಲಿದ್ದೆವು.

ಮೂರು ವಾರಗಳಾದಮೇಲೆ ನಾವು ಆ ವಿದ್ಯಾರ್ಥಿಯನ್ನು ಕರೆದು, ಅಂದು ಆಡಿದ ಮಾತು ಸರಿಯಾಗಿರಲಿಲ್ಲವೆಂದು ತರಗತಿಯ ಎದುರಿಗೇ ಹೇಳಿ, ಪುಸ್ತಕವನ್ನು ಕೊಟ್ಟೆವು. ಅವನು ಎರಡು ವಾರ ಇಟ್ಟುಕೊಂಡು ಹಿಂದಕ್ಕೆ ತಂದುಕೊಟ್ಟನು. ಎಂಟು ಕಥೆಗಳನ್ನೂ ಓದಿದ್ದನು. ಗಣಿತದ ಬುಡವನ್ನೇ ಅಲುಗಿಸುವ 'ಡಿವಿಷನ್ ಬೈ ಝೀರೋ' ತನಗೆ ಹೆಚ್ಚು ಹಿಡಿಸಿತೆಂದನು. ಚಿತ್ರವೇನೋ ಈಗಲೂ ಇಷ್ಟವೇ ಎಂದು, ನಮ್ಮ ಮುಖ ನೋಡಿಕೊಂಡು, ಸ್ವಲ್ಪ ಮೆಲ್ಲನೆ ಹೇಳಿದನು. ಆಮೇಲೆ ಕಿರಣದ ರೇಖಾಚಿತ್ರವಿದ್ದ ಪುಟವನ್ನು ತೆಗೆದು, "ಸಾರ್, ಬೆಳಕು ಯಾವಾಗಲೂ ಕನಿಷ್ಠ ಕಾಲವನ್ನೇ ಹಿಡಿಯುವುದೆ? ಕೆಲವು ಸಲ ಗರಿಷ್ಠವೂ ಆಗಬಹುದೆಂದು ಇಲ್ಲಿದೆ. ಅದು ಹೇಗೆ?" ಎಂದು ಕೇಳಿದನು. ಅಷ್ಟು ಸಲ ಓದಿದ್ದರೂ ನಾವು ಆ ವಾಕ್ಯದ ಮೇಲೆ ನಿಂತು ಲೆಕ್ಕ ಹಾಕಿದವರಲ್ಲ. ಇಬ್ಬರೂ ಕರಿಹಲಗೆಯ ಮುಂದೆ ನಿಂತೆವು.

10 ಸೆಂಟಿಮೀಟರು ತ್ರಿಜ್ಯವುಳ್ಳ ಅರ್ಧವೃತ್ತವಾಗಿ ಬಾಗಿಸಿದ ಒಂದು ಕನ್ನಡಿಯನ್ನು ತೆಗೆದುಕೊಳ್ಳಿರಿ. ಹೊಳೆಯುವ ಮೈ ಒಳಕ್ಕಿರಲಿ. ವ್ಯಾಸದ ಒಂದು ತುದಿಯಿಂದ ಹೊರಟ ಬೆಳಕು ಕನ್ನಡಿಗೆ ಒಮ್ಮೆ ತಾಗಿ ಇನ್ನೊಂದು ತುದಿಗೆ ಹೋಗಬೇಕು. ಪತನ ಕೋನವೂ ಪ್ರತಿಫಲನ ಕೋನವೂ ಸಮವಾಗಬೇಕಾದುದರಿಂದ ಅದು ಕನ್ನಡಿಯ ನಟ್ಟನಡುವೆ ತಾಗಲೇಬೇಕು. ಆಗ ದಾರಿಯ ಒಟ್ಟು ಉದ್ದ 28.3 ಸೆಂಟಿಮೀಟರು. ನಡುವನ್ನು ಬಿಟ್ಟು, ವ್ಯಾಸದೊಡನೆ 30 ಅಂಶದ ಕೋನ ಮಾಡುವಂತೆ ಹೊರಟು ಬೇರೊಂದು ಕಡೆ ತಾಗಿದರೆ ಒಟ್ಟು ಉದ್ದ 27.3 ಸೆಂಟಿಮೀಟರು. ಅರ್ಧವೃತ್ತದೊಳಗಿನ ಕೋನ ಲಂಬಕೋನವೆಂಬುದನ್ನು ಬಲ್ಲ ಪ್ರೌಢಶಾಲೆಯ ವಿದ್ಯಾರ್ಥಿಯೂ ಈ ಲೆಕ್ಕವನ್ನು ಮಾಡಬಹುದು. ಕನ್ನಡಿಯ ಮೇಲೆ ಬೇರೆ ಯಾವ ಬಿಂದುವನ್ನು ತೆಗೆದುಕೊಂಡರೂ ಉದ್ದ 28.3ಕ್ಕಿಂತ ಕಡಮೆಯೇ. ಬೆಳಕು ಇಲ್ಲಿ ಆರಿಸಿಕೊಂಡದ್ದು ಎಲ್ಲಕ್ಕಿಂತ ಉದ್ದವಾದ ದಾರಿಯನ್ನು.

"ಹಾಗಾದರೆ ಅದಕ್ಕೆ ಅವಸರವೇನೂ ಇಲ್ಲ, ಸಾರ್" ಎಂದನು ಹುಡುಗ.